ಥಾಯ್ಲೆಂಡ್‌ನಲ್ಲಿ ಟೀಚರ್ ಕೆಲಸ: ಸಸ್ಯಾಹಾರಿಗೆ ಊಟ, ಶಾಲೆಯ ಪ್ರವಾಸ ಹೇಗೆ? ಅನುಭವ ಇದ್ದವರು ಹೇಳಿ

ತುಮಕೂರು ಟೀಚರ್:
ನಮಸ್ಕಾರ. ಬ್ಯಾಂಕಾಕ್ ಪಕ್ಕದ ನೋಂತಬುರಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿದೆ. ತಿಂಗಳಿಗೆ 28,000 ಬಾತ್. ಮೇ ತಿಂಗಳಲ್ಲಿ ಶಾಲೆ ಶುರು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಟೀಚರ್‌ಗಳೆಲ್ಲ ಸೇರಿ ಆಗಾಗ ಹೊರಗೆ ಊಟಕ್ಕೆ ಹೋಗುತ್ತಾರಂತೆ. ಮಕ್ಕಳ ಪ್ರವಾಸಕ್ಕೂ ಎಲ್ಲರೂ ಬರಲೇಬೇಕು ಎಂದು ಸಂದರ್ಶನದಲ್ಲೇ ಹೇಳಿದರು. ನಿಭಾಯಿಸಬಹುದಾ? ಅಲ್ಲಿ ಇರುವವರು, ಇದ್ದು ಬಂದವರು ದಯವಿಟ್ಟು ತಿಳಿಸಿ.

ಕೋರಾಟ್ ಮೇಷ್ಟ್ರು:
ನಿಭಾಯಿಸಬಹುದು. ನಾನು ನಿಭಾಯಿಸಿದ್ದೇನೆ, ಮೊಟ್ಟೆ ಮುಟ್ಟದೆ. ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ಇಲ್ಲಿ ಬರೀ ತರಕಾರಿ ಕಾಣಿಸುವ ತಟ್ಟೆಯಲ್ಲೂ ನಾಮ್ ಪ್ಲಾ ಇರುತ್ತದೆ, ಅಂದರೆ ಮೀನಿನ ರಸ. ಪರಂಗಿಕಾಯಿ ಸೋಮ್ ತಾಮ್‌ನಲ್ಲಿ ಒಣ ಸಿಗಡಿ. ಬಸಳೆ ಥರದ ಆ ಪಕ್ ಬುಂಗ್ ಹುರಿದು ಕೊಡುತ್ತಾರಲ್ಲ, ಅದಕ್ಕೆ ಆಯ್‌ಸ್ಟರ್ ಸಾಸ್, ಅಂದರೆ ಸಮುದ್ರದ ಸಿಂಪಿಯ ರಸ. "ಮಾಂಸ ಬೇಡ" ಎಂದರೆ ತುಂಡು ಹಾಕುವುದಿಲ್ಲ ಅಷ್ಟೇ, ರಸ ಹಾಕೇ ಹಾಕುತ್ತಾರೆ. "ಕಿನ್ ಜೇ" ಅನ್ನಿ, ಅಂದರೆ ಪೂರ್ತಿ ಸಸ್ಯಾಹಾರ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ಅಲ್ಲಿ ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮಮ್ಮ ಬಂದಾಗ ಏಕಾದಶಿ ಬಿಟ್ಟು ಉಳಿದ ದಿನವೆಲ್ಲ ಅಲ್ಲೇ ಊಟ ಮಾಡಿದರು. ನಮ್ಮ ಮಾರ್ಕೆಟ್ ಹಿಂದಿನ ಅಂಗಡಿಯಲ್ಲಿ ಅನ್ನದ ಮೇಲೆ ಎರಡು ಪಲ್ಯಕ್ಕೆ 35 ಬಾತ್, ಮೂರಕ್ಕೆ 45. ಆದರೆ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಾ ಖಾಲಿ. ಅದಕ್ಕೇ ಬೆಳಿಗ್ಗೆ ಏಳಕ್ಕೇ ಹೋಗಿ ಡಬ್ಬಿಗೆ ಹಾಕಿಸಿಕೊಳ್ಳುತ್ತಿದ್ದೆ.

ಕಷ್ಟ ಬಂದಿದ್ದು ಸ್ಕೌಟ್ ಕ್ಯಾಂಪ್‌ನಲ್ಲಿ. ಇಲ್ಲಿ ಸ್ಕೌಟ್ ಎಲ್ಲಾ ಶಾಲೆಯಲ್ಲೂ ಕಡ್ಡಾಯ. ಆರನೇ ರಾಮ ರಾಜರು 1911ರಲ್ಲಿ ಶುರು ಮಾಡಿದ್ದು, ವಾರಕ್ಕೊಂದು ದಿನ ಮಕ್ಕಳಿಗೆ ಅದೇ ಯೂನಿಫಾರ್ಮ್. ನಮ್ಮ ಕ್ಯಾಂಪ್ ಖಾವೊ ಯಾಯ್ ಕಾಡಿನ ಕಡೆ. ನಾನು ಜೇ ಎಂದು ಎರಡು ವಾರ ಮೊದಲೇ ಥಾಯ್‌ನಲ್ಲಿ ಬರೆದು ಕೊಟ್ಟಿದ್ದೆ. ಅಲ್ಲಿ ಹೋದರೆ ರಾತ್ರಿ ಆಮ್ಲೆಟ್, ಬೆಳಿಗ್ಗೆ ಹಂದಿಮಾಂಸ ಹಾಕಿದ ಗಂಜಿ, ಮಧ್ಯಾಹ್ನ ಕೋಳಿ. ನನಗೆ ಅಂತ ತೋಫು ಸಾರು ಮಾಡಿದರು ಪಾಪ, ಆದರೆ ಅದು ಕೊಳವೆ ಪ್ಯಾಕೆಟ್‌ನಲ್ಲಿ ಬರುವ ಹಳದಿ ತೋಫು, ಅದರಲ್ಲಿ ಮೊಟ್ಟೆ ಇದೆ. ಇದು ಯಾರೂ ಹೇಳುವುದಿಲ್ಲ, ನೆನಪಿಡಿ. ಬಿಳಿ ಅನ್ನ, ಸೌತೆಕಾಯಿ, ಬಾಳೆಹಣ್ಣು, ಜೊತೆಗೆ ಮನೆಯಿಂದ ಒಯ್ದಿದ್ದ ಚಟ್ನಿಪುಡಿ. ಅಷ್ಟರಲ್ಲೇ ಕ್ಯಾಂಪ್ ಮುಗಿಸಿದೆ. ಮುಂದಿನ ವರ್ಷದಿಂದ 590 ಬಾತ್ ಕೊಟ್ಟು ಒಂದು ಸಣ್ಣ ರೈಸ್ ಕುಕ್ಕರ್ ತೆಗೆದುಕೊಂಡೆ. ಇವತ್ತಿಗೂ ಓಡುತ್ತಿದೆ.

ನೋಂತಬುರಿ ಮಿಸ್:
ತುಮಕೂರು ಮೇಡಂ, ಕುಕ್ಕರ್ ಹಿಡಿದುಕೊಂಡು ಬರಬೇಡಿ. ನಾನೂ ಸಸ್ಯಾಹಾರಿ, ನೋಂತಬುರಿಯಲ್ಲೇ ಇದ್ದೇನೆ. ಸ್ಟಾಫ್‌ರೂಮಿನಲ್ಲಿ ಒಂಟಿಯಾಗಿ ಡಬ್ಬಿ ಬಿಚ್ಚಿ ಕೂತರೆ ಎರಡನೇ ತಿಂಗಳಿಂದ ಕರೆಯುವುದನ್ನೇ ಬಿಡುತ್ತಾರೆ. ನನ್ನ ಜೊತೆ ಬಂದ ಒಬ್ಬ ಹುಡುಗಿಗೆ ಹಾಗೇ ಆಯಿತು. ನಾನು ಎಲ್ಲದಕ್ಕೂ ಹೋಗುತ್ತೇನೆ. ಪರೀಕ್ಷೆ ಮುಗಿದ ಸಂಜೆ ಮೂ ಕ್ರಥಾ, ಅಂದರೆ ಮೇಜಿನ ಮೇಲೇ ಬಾಣಲೆ ಇಟ್ಟು ಮಾಂಸ ಸುಟ್ಟು, ಸುತ್ತಲಿನ ಸಾರಿನಲ್ಲಿ ತರಕಾರಿ ಬೇಯಿಸಿ ತಿನ್ನುವ ಊಟ, ತಲೆಗೆ 259 ಬಾತ್, ತಣ್ಣಗಿನ ಪಾನೀಯಕ್ಕೆ ಬೇರೆ 39. ನಾನು ಅಣಬೆ, ಜೋಳ, ಎಲೆಕೋಸು, ಗ್ಲಾಸ್ ನೂಡಲ್ಸ್ ಹಾಕಿಕೊಳ್ಳುತ್ತೇನೆ, ಕೊನೆಗೆ ಐಸ್‌ಕ್ರೀಮ್. ಕೊಟ್ಟ ದುಡ್ಡಿಗೆ ನಷ್ಟವೇ ಇರಬಹುದು. ಆದರೆ ಟೈಮ್‌ಟೇಬಲ್ ಯಾರು ಹಾಕುತ್ತಾರೆ, ರಜೆ ಯಾರನ್ನು ಕೇಳಬೇಕು, ವಿದೇಶಿಯರು ತೊಂಬತ್ತು ದಿನಕ್ಕೊಮ್ಮೆ ವಿಳಾಸ ತಿಳಿಸುವ ರಿಪೋರ್ಟ್‌ಗೆ ಇಮಿಗ್ರೇಷನ್‌ಗೆ ಯಾರು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಎಲ್ಲಾ ಗೊತ್ತಾಗಿದ್ದು ಆ ಮೇಜಿನಲ್ಲಿ. ಜ್ವರ ಬಂದಾಗ ಮನೆಗೆ ಬಂದು ಆಸ್ಪತ್ರೆಗೆ ಸೇರಿಸಿದವರೂ ಅವರೇ.

ಕೋರಾಟ್ ಮೇಷ್ಟ್ರು:
ಮೇಡಂ, ಮೂ ಕ್ರಥಾ ಬಾಣಲೆಯ ಮೇಲೆ ಮೊದಲು ಏನು ಸವರುತ್ತಾರೆ ಹೇಳಿ? ಹಂದಿ ಕೊಬ್ಬಿನ ತುಂಡು. ಅದು ಕರಗಿ ಸುತ್ತಲಿನ ಸಾರಿಗೆ ಇಳಿಯುತ್ತದೆ. ಅದೇ ಸಾರಿನಲ್ಲಿ ನಿಮ್ಮ ಎಲೆಕೋಸು ಬೇಯುವುದು. ತಿನ್ನುವುದು ನಿಮ್ಮಿಷ್ಟ, ಆದರೆ ಮೊಟ್ಟೆಯೂ ತಿನ್ನದವರಿಗೆ ಇದನ್ನು ಸಸ್ಯಾಹಾರ ಎಂದು ಹೇಳಬೇಡಿ.

ನೋಂತಬುರಿ ಮಿಸ್:
ನಾವು ಮೇಜಿಗೆ ಎರಡು ಬಾಣಲೆ ಕೇಳುತ್ತೇವೆ, ಒಂದರಲ್ಲಿ ನಾನು ಮತ್ತು ಇಬ್ಬರು ಮುಸ್ಲಿಂ ಟೀಚರ್‌ಗಳು. ಕೇಳಿದರೆ ಕೊಡುತ್ತಾರೆ. ಕೇಳಬೇಕಾದರೆ ಜನರ ಜೊತೆ ಮಾತು ಬೇಕು.

ಕೋರಾಟ್ ಮೇಷ್ಟ್ರು:
ನನಗೆ ಮಾತಿಲ್ಲ ಎಂದು ಯಾರು ಹೇಳಿದರು? ನಾನು ಥಾಯ್ ಓದುತ್ತೇನೆ, ಬರೆಯುತ್ತೇನೆ.

ಪಹುರಾತ್ ಹತ್ತಿರದವರು:
ಜಗಳ ಬಿಡಿ. ನಾನು ಟೀಚರ್ ಅಲ್ಲ, ನನ್ನ ಹೆಂಡತಿ ಇಲ್ಲಿ ಕಲಿಸಿ ನಿವೃತ್ತಿ ಆದವಳು. ಸಾಮಾನಿನ ವಿಷಯ ಹೇಳುತ್ತೇನೆ. 2019ರಲ್ಲಿ ಸಾಮ್ ಯೋತ್ ಮೆಟ್ರೋ ಸ್ಟೇಷನ್ ತೆರೆದ ಮೇಲೆ ಬ್ಯಾಂಕಾಕ್‌ನ ಭಾರತೀಯರ ಪೇಟೆ ಪಹುರಾತ್‌ಗೆ ಬರುವುದು ಸುಲಭ. ಅಲ್ಲಿಂದ ನಡೆದು ಗುರುದ್ವಾರದ ಕಡೆ ಬಂದರೆ ಬೇಳೆ, ಹುಣಸೆ, ಸಾಸಿವೆ, ಇಂಗು ಎಲ್ಲಾ ಇದೆ. ಗುರುದ್ವಾರದಲ್ಲಿ ಲಂಗರ್ ಊಟವೂ ಸಿಗುತ್ತದೆ. ತೊಗರಿಬೇಳೆ ಕಿಲೋಗೆ 90ರಿಂದ 110 ಬಾತ್ ಕೊಟ್ಟಿದ್ದೇವೆ. ಸೋನಾ ಮಸೂರಿ ಐದು ಕಿಲೋ ಚೀಲಕ್ಕೆ 400ರ ಮೇಲೆ, ಅದಕ್ಕೇ ಅವಳು ಇಲ್ಲಿನ ಅಕ್ಕಿಗೇ ಒಗ್ಗಿಕೊಂಡಳು, ಅರ್ಧ ಹಳೆ ಅಕ್ಕಿ ಬೆರೆಸಿದರೆ ಅಂಟುವುದಿಲ್ಲ. ಕರಿಬೇವು ಕಟ್ಟಿಗೆ 20. ರಾಗಿಹಿಟ್ಟು ಮಾತ್ರ ಒಂದೊಂದು ಸಲ ಇದೆ, ಒಂದೊಂದು ಸಲ ಇಲ್ಲ. ತೆಂಗಿನಕಾಯಿ ಬಗ್ಗೆ ಚಿಂತೆಯೇ ಬೇಡ, ಸಂತೆಯಲ್ಲಿ ಕಣ್ಣೆದುರೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಆ ತುರಿಯಲ್ಲಿ ಮಾಡಿದ ಹುಳಿ ಊರಿನಲ್ಲಿ ಮಾಡಿದ್ದಕ್ಕಿಂತ ಚೆನ್ನಾಗಿರುತ್ತದೆ, ಬೇಕಾದರೆ ವಾದ ಮಾಡಿ.

ಹಾಸನದ ಹುಡುಗಿ:
ಕರಿಬೇವಿಗೆ 20 ಬಾತ್! ಗಿಡ ನೆಡಿ ಸಾರ್. ನಮ್ಮ ಬಾಲ್ಕನಿಯಲ್ಲಿ ಒಂದೇ ಕುಂಡದಲ್ಲಿ ಸೊಂಪಾಗಿ ಬೆಳೆದಿದೆ, ಅಕ್ಕಪಕ್ಕದ ಮೂರು ಮನೆಗೆ ನಾನೇ ಕೊಡುತ್ತೇನೆ.

ಪಹುರಾತ್ ಹತ್ತಿರದವರು:
ನಮ್ಮದು ಉತ್ತರಕ್ಕೆ ಮುಖ ಇರುವ ಕೋಣೆ ತಂಗಿ, ಬಿಸಿಲೇ ಬೀಳುವುದಿಲ್ಲ.

ಖೋನ್ ಕೇನ್‌ನಲ್ಲಿ ಇದ್ದವನು:
ಊಟದಿಂದ ಯಾರ ಕೆಲಸವೂ ಹೋಗುವುದಿಲ್ಲ. ಪ್ರವಾಸದಿಂದ ನನಗೆ ಆಗಿದ್ದು ಕೇಳಿ. ನಮ್ಮ ಶಾಲೆ ಮಕ್ಕಳನ್ನು ನಾಂಗ್ ಖಾಯ್ ದಾಟಿಸಿ ವಿಯೆಂಟಿಯಾನ್‌ಗೆ ಕರೆದುಕೊಂಡು ಹೋಯಿತು. ಸೇತುವೆ ದಾಟಿದರೆ ಲಾವೋಸ್. ನನಗೆ ಒಂದು ವರ್ಷದ ವೀಸಾ ವಿಸ್ತರಣೆ ಇತ್ತು, 1,900 ಕಟ್ಟಿದ್ದೆ. ಹೊರಗೆ ಹೋಗಿ ಬಂದರೂ ವೀಸಾ ಉಳಿಯಲು ರೀ-ಎಂಟ್ರಿ ಪರ್ಮಿಟ್ ಬೇಕಾ ಎಂದು ಶಾಲೆಯ ಆಫೀಸಿನಲ್ಲಿ ಕೇಳಿದೆ. ಗುಂಪಿನಲ್ಲಿ ಹೋಗುತ್ತಿದ್ದೀರಿ, ಶಾಲೆಯ ಪತ್ರ ಇದೆ, ಬೇಡ ಎಂದರು. ಸಂಜೆ ವಾಪಸ್ ಬಂದಾಗ ಗಡಿಯ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಹಾಕಿ, ನೀವು ಹೊರಗೆ ಹೋದ ಕ್ಷಣವೇ ವಿಸ್ತರಣೆ ಮುಗಿಯಿತು ಎಂದ. 40 ಮಕ್ಕಳು ಬಸ್ಸಿನಲ್ಲಿ ಕಾಯುತ್ತಿದ್ದಾರೆ. ಪ್ರವಾಸಿ ಎಂದು ಮುದ್ರೆ ಹಾಕಿ ಒಳಗೆ ಬಿಟ್ಟರು. ಮರುದಿನದಿಂದ ಪಾಠ ಮಾಡುವಂತಿಲ್ಲ.

ಖರ್ಚು ಬರೆಯುತ್ತೇನೆ, ಓದಿಕೊಳ್ಳಿ. ಮತ್ತೆ ವಿಯೆಂಟಿಯಾನ್‌ಗೆ ಹೋಗಿ ಹೊಸ ನಾನ್-ಬಿ ವೀಸಾ, ಅಂದರೆ ಕೆಲಸದ ವೀಸಾ, 2,000. ಭಾರತದವರಿಗೆ ಲಾವೋಸ್‌ಗೂ ವೀಸಾ ಬೇಕು, ಥಾಯ್ ಟೀಚರ್‌ಗಳಿಗೆ ಬೇಡ, ಅದಕ್ಕೆ ಎರಡೂ ಸಲ ನಾನೇ ಡಾಲರ್ ಕೊಟ್ಟೆ. ವ್ಯಾನ್, ಎರಡು ರಾತ್ರಿಯ ಹೋಟೆಲ್, ಫೋಟೋ, ಜೆರಾಕ್ಸ್, ಎಲ್ಲಾ ಸೇರಿ 4,600. ವರ್ಕ್ ಪರ್ಮಿಟ್ ಮತ್ತೆ ಮಾಡಿಸಿ ಎಂದರು, 3,100. ಹೊಸ ವಿಸ್ತರಣೆಗೆ ಇನ್ನೊಮ್ಮೆ 1,900. ಪಾಠ ಮಾಡದ ದಿನಗಳ ಸಂಬಳ ಹಿಡಿದರು, ಅದು 9,000 ಚಿಲ್ಲರೆ. ಒಂದು ಸಲದ ರೀ-ಎಂಟ್ರಿ ಪರ್ಮಿಟ್‌ಗೆ 1,000 ಬಾತ್ ಅಷ್ಟೇ! ಹಲವು ಸಲಕ್ಕಾದರೆ 3,800. ಬೇಡ ಎಂದ ಆಫೀಸಿನವರು ಒಂದು ಬಾತ್ ಕೊಡಲಿಲ್ಲ.

ಹಾಸನದ ಹುಡುಗಿ:
ಆದರೆ ಸರ್, ರೀ-ಎಂಟ್ರಿ ಸುವರ್ಣಭೂಮಿ ಏರ್‌ಪೋರ್ಟ್‌ನಲ್ಲೇ ಮಾಡಿಕೊಡುತ್ತಾರೆ. ನಾನು ಪ್ರತಿ ಸಲ ಊರಿಗೆ ಬರುವಾಗ ಅಲ್ಲೇ ಮಾಡಿಸುವುದು.

ಖೋನ್ ಕೇನ್‌ನಲ್ಲಿ ಇದ್ದವನು:
ನಾನು ಹೋಗಿದ್ದು ಬಸ್ಸಿನಲ್ಲಿ, ಸೇತುವೆಯ ಮೇಲೆ. ಮೊದಲು ಪೂರ್ತಿ ಓದಿ ತಾಯಿ.

ಮಕ್ಕಳ ಅಮ್ಮ, ರಂಗ್‌ಸಿತ್:
ಇಲ್ಲಿ ಎಲ್ಲರೂ ತಟ್ಟೆ ಮತ್ತು ವೀಸಾ ಮಾತಾಡುತ್ತಿದ್ದೀರಿ. ಬಸ್ಸಿನ ಬಗ್ಗೆ ಯಾರಾದರೂ ಹೇಳಿ. 2024ರ ಅಕ್ಟೋಬರ್ 1ರಂದು ಉತೈ ಥಾನಿಯಿಂದ ಪ್ರವಾಸಕ್ಕೆ ಬಂದ ಶಾಲಾ ಬಸ್ಸಿಗೆ ಇಲ್ಲೇ ವಿಭಾವದಿ ರಂಗ್‌ಸಿತ್ ರಸ್ತೆಯಲ್ಲಿ ಬೆಂಕಿ ಬಿತ್ತು. ಸಿಎನ್‌ಜಿ ಬಸ್. 20 ಮಕ್ಕಳು, 3 ಟೀಚರ್‌ಗಳು ಹೋದರು. ನಾನು ದಿನಾ ಓಡಾಡುವ ರಸ್ತೆ ಅದು. ಆಮೇಲೆ ನಮ್ಮ ಶಾಲೆಯ ಪ್ರವಾಸದ ಬಸ್ ಬಂದಾಗ ತುರ್ತು ಬಾಗಿಲು ತೆರೆದು ತೋರಿಸಿ ಎಂದು ಡ್ರೈವರ್‌ನನ್ನು ಕೇಳಿದೆ. ಅದರ ಮುಂದೆ ಐಸ್‌ಬಾಕ್ಸ್ ಮತ್ತು ಚಾಪೆಗಳ ರಾಶಿ. ತೆಗೆಸಿ ಎಂದರೆ ನಗುತ್ತಾರೆ. ನಾನು ಹತ್ತಲಿಲ್ಲ, ನನ್ನ ಕ್ಲಾಸಿನ ಮಕ್ಕಳನ್ನೂ ಹತ್ತಿಸಲಿಲ್ಲ. ಮಾರ್ಚ್‌ನಲ್ಲಿ ನನ್ನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಮತ್ತೆ ಅಂಥ ಬಸ್ ಬಂದರೂ ನಾನು ಹಾಗೇ ಮಾಡುತ್ತೇನೆ.

ನೋಂತಬುರಿ ಮಿಸ್:
ಅಕ್ಕ, ಆ ದಿನ ನಾವೆಲ್ಲ ಅತ್ತಿದ್ದೇವೆ. ಆದರೆ ಎಲ್ಲರ ಎದುರು ಡ್ರೈವರ್‌ನನ್ನು ನಿಲ್ಲಿಸಿ ಕೇಳಿದರೆ ಇಲ್ಲಿ ಅದು ಮುಖಭಂಗ. ಹಿಂದಿನ ದಿನವೇ ಹಿರಿಯ ಟೀಚರ್ ಹತ್ತಿರ ಮೆಲ್ಲಗೆ ಹೇಳಿದ್ದರೆ ಐಸ್‌ಬಾಕ್ಸ್ ಕೆಳಗೆ ಇಳಿಯುತ್ತಿತ್ತು. ನಮ್ಮಲ್ಲಿ ಹಾಗೇ ಮಾಡಿಸಿದ್ದೇನೆ.

ಮಕ್ಕಳ ಅಮ್ಮ, ರಂಗ್‌ಸಿತ್:
ಹಿಂದಿನ ದಿನ ಬಸ್ಸೇ ಬಂದಿರುವುದಿಲ್ಲ. ಯಾರ ಮುಖ ಉಳಿಸಲು ಮಕ್ಕಳನ್ನು ಹತ್ತಿಸಬೇಕಿತ್ತು ಹೇಳಿ. ನೀವು ಮೂ ಕ್ರಥಾ ಮೇಜಿನಲ್ಲಿ ಕಲಿತದ್ದು ಇದಾ?

ನೋಂತಬುರಿ ಮಿಸ್:
ನನ್ನ ಊಟಕ್ಕೂ ನಿಮ್ಮ ಬಸ್ಸಿಗೂ ಸಂಬಂಧ ಇಲ್ಲ.

ಶಿರಸಿ ಗುರುಗಳು:
ಪ್ರವಾಸದ ಒಳ್ಳೆಯ ಮಾತನ್ನೂ ಯಾರಾದರೂ ಹೇಳಬೇಕಲ್ಲ. ಬ್ಯಾಂಕಾಕ್ ಅರಮನೆಯ ಪಚ್ಚೆ ಬುದ್ಧನ ಗುಡಿಯ ಪ್ರಾಕಾರದಲ್ಲಿ ರಾಮಾಯಣದ 178 ಚಿತ್ರಗಳಿವೆ. ವಿದೇಶಿಯರಿಗೆ ಟಿಕೆಟ್ 500 ಬಾತ್, ಥಾಯ್ ಜನರಿಗೆ ಉಚಿತ. ಶಾಲೆ ನನ್ನ 500 ಕೊಡಲಿಲ್ಲ, ಆದರೂ ಹೋದೆ. ಆರನೇ ಕ್ಲಾಸಿನ ಮಕ್ಕಳು ನನ್ನ ಕೈಹಿಡಿದು ಒಂದೊಂದೇ ಗೋಡೆ ತೋರಿಸಿದರು. ಇದು ಲಂಕೆ, ಇದು ತೋತ್ಸಕಾನ್ ಅಂದರೆ ರಾವಣ, ಇದು ಹನುಮಾನ್. ಸೇತುವೆಯ ಕಲ್ಲು ಕದಿಯಲು ಬಂದ ಮತ್ಸ್ಯಕನ್ಯೆ ರಾವಣನ ಮಗಳು, ಹನುಮಂತ ಅವಳನ್ನು ಗೆದ್ದು ಮದುವೆಯಾದ, ಅವರಿಗೆ ಮಗನೂ ಇದ್ದಾನೆ. ನಾನು ನಮ್ಮೂರಿನ ಕಥೆ ಹೇಳಿದೆ, ಅವರು ಬಾಯಿ ಬಿಟ್ಟುಕೊಂಡು ಕೇಳಿದರು. ಇಷ್ಟು ವರ್ಷದ ಪಾಠದಲ್ಲಿ ಅಂಥ ಕ್ಲಾಸ್ ಇನ್ನೊಂದು ಆಗಿಲ್ಲ.

ಅಯುತ್ಥಯಕ್ಕೂ ತಪ್ಪಿಸಬೇಡಿ. 1767ರಲ್ಲಿ ಬರ್ಮಾದವರು ಸುಟ್ಟ ಊರು. ಬೇರುಗಳ ನಡುವೆ ಬುದ್ಧನ ತಲೆ ಇರುವ ಕಡೆ ಫೋಟೋಗೆ ಕೂತುಕೊಳ್ಳಬೇಕು, ನಮ್ಮ ತಲೆ ಅದಕ್ಕಿಂತ ಮೇಲಿರಬಾರದು. ಮಕ್ಕಳೇ ಎಳೆದು ಕೂರಿಸುತ್ತಾರೆ.

ಕೋರಾಟ್ ಮೇಷ್ಟ್ರು:
ಗುರುಗಳೇ, ಹನುಮಂತ ಬ್ರಹ್ಮಚಾರಿ. ಮಕ್ಕಳು ಮದುವೆ ಕಥೆ ಹೇಳಿದಾಗ ನೀವು ತಿದ್ದಲಿಲ್ಲವಾ?

ಶಿರಸಿ ಗುರುಗಳು:
ಯಾಕೆ ತಿದ್ದಬೇಕು? ಅದು ಅವರ ರಾಮಾಯಣ. ನಮ್ಮ ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವುದು ಲಕ್ಷ್ಮಣ, ಹನುಮಂತನಿಗೆ ಅಲ್ಲೂ ಮದುವೆ ಇದೆ. ಕನ್ನಡದಲ್ಲೇ ಓದಬಹುದು.

ಕೋರಾಟ್ ಮೇಷ್ಟ್ರು:
ನಾನು ಮಂಗಳವಾರ, ಶನಿವಾರ ಹನುಮಂತನ ಗುಡಿಗೆ ಹೋಗಿ ಬೆಳೆದವನು. ನನಗೆ ಇದು ನೋವಾಗುತ್ತದೆ, ಅಷ್ಟೇ ಹೇಳುತ್ತೇನೆ.

ಖೋನ್ ಕೇನ್‌ನಲ್ಲಿ ಇದ್ದವನು:
ಆ 500 ಬಾತ್ ವಿಷಯ ಬಿಡಬೇಡಿ ಗುರುಗಳೇ. ಖಾವೊ ಯಾಯ್‌ನಲ್ಲೂ ವಿದೇಶಿಗೆ 400, ಅವರಿಗೆ 40. ನಾವು ಅವರ ಮಕ್ಕಳನ್ನು ಕಾಯಲು ಹೋಗುವುದು, ಟಿಕೆಟ್ ನಮ್ಮ ಜೇಬಿನಿಂದಾ? ವರ್ಕ್ ಪರ್ಮಿಟ್ ತೋರಿಸಿದರೆ ಕೆಲವು ಗೇಟುಗಳಲ್ಲಿ ಥಾಯ್ ದರಕ್ಕೆ ಬಿಡುತ್ತಾರೆ, ಅದು ಅಲ್ಲಿ ನಿಂತವನ ಮನಸ್ಸು. ಅದರ ಮೇಲೆ ಸಂಬಳ ನೋಡಿ. ನನಗೆ 22,000 ಇತ್ತು. ಅದೇ ಕ್ಲಾಸ್, ಅದೇ ಪುಸ್ತಕ, ಪಕ್ಕದ ಮೇಜಿನ ಇಂಗ್ಲೆಂಡ್ ಹುಡುಗನಿಗೆ 38,000. ನಾನು ಬಿ.ಎಡ್ ಮಾಡಿದವನು, ಅವನು ಮಾಡಿಲ್ಲ. ಫಿಲಿಪೀನ್ಸ್‌ನವರಿಗೆ ನನಗಿಂತಲೂ ಕಡಿಮೆ.

ಪಹುರಾತ್ ಹತ್ತಿರದವರು:
28,000 ಒಳ್ಳೆಯದೇ. ಬಾಡಿಗೆ 6,000ದೊಳಗೆ ಹುಡುಕಿದರೆ ಊರಿಗೂ ಕಳಿಸಬಹುದು.

ಖೋನ್ ಕೇನ್‌ನಲ್ಲಿ ಇದ್ದವನು:
ನೀವು ವ್ಯಾಪಾರದವರು ಸಾರ್, ನಿಮಗೆ ಸಂಬಳದವರ ಲೆಕ್ಕ ಗೊತ್ತಾಗುವುದಿಲ್ಲ.

ಪಹುರಾತ್ ಹತ್ತಿರದವರು:
ನನ್ನ ಹೆಂಡತಿ 14,000ಕ್ಕೆ ಶುರು ಮಾಡಿ ಮನೆ ನಡೆಸಿದವಳು. ಅವಳ ಸಂಬಳದಲ್ಲೇ ನನ್ನ ಅಂಗಡಿಯ ಮೊದಲ ಅಡ್ವಾನ್ಸ್ ಕಟ್ಟಿದ್ದು. ಹಾಗೆಲ್ಲ ಮಾತಾಡಬೇಡಿ.

ತುಮಕೂರು ಟೀಚರ್:
ಎಲ್ಲರಿಗೂ ಧನ್ಯವಾದ. ಅಕ್ಟೋಬರ್‌ನಲ್ಲಿ ಜೇ ಹಬ್ಬ ಇರುತ್ತದೆ ಎಂದು ಓದಿದೆ. ಆಗ ಶಾಲೆಗೆ ರಜೆ ಇರುತ್ತದಾ? ಮತ್ತೆ ಕುಕ್ಕರ್ ಇಲ್ಲಿಂದಲೇ ತರಲಾ?

ಹಾಸನದ ಹುಡುಗಿ:
ಅಕ್ಕ, ಹಬ್ಬ ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ, ಕೆಲವು ವರ್ಷ ಸೆಪ್ಟೆಂಬರ್ ಕೊನೆಗೇ ಬರುತ್ತದೆ. ಅಕ್ಟೋಬರ್‌ನಲ್ಲಿ ಬಂದರೆ ಟರ್ಮ್ ರಜೆಗೆ ಕೂಡಿಬರಬಹುದು. ಆಗ ಬ್ಯಾಂಕಾಕ್‌ನ ಚೈನಾಟೌನ್‌ನ ಯಾವರಾತ್ ಬೀದಿ ಪೂರ್ತಿ ಹಳದಿ ಬಾವುಟ, ಸೆವೆನ್ ಇಲೆವೆನ್‌ನಲ್ಲೂ ಜೇ ಬನ್, ಜೇ ನೂಡಲ್ಸ್. ಕುಕ್ಕರ್ ಇಲ್ಲೇ ತಗೊಳ್ಳಿ, ಬ್ಯಾಗಿನಲ್ಲಿ ಆ ಜಾಗಕ್ಕೆ ರಾಗಿಹಿಟ್ಟು, ಸಾರಿನಪುಡಿ ತುಂಬಿ.

ಕೋರಾಟ್ ಮೇಷ್ಟ್ರು:
590ರ ಕುಕ್ಕರ್. ಅಂಗಡಿಯ ಫೋಟೋ ಬೇಕಾದರೆ ಕೇಳಿ, ಕಳಿಸುತ್ತೇನೆ.

ಮಕ್ಕಳ ಅಮ್ಮ, ರಂಗ್‌ಸಿತ್:
ಸಹಿ ಹಾಕುವ ಮೊದಲು ಪ್ರವಾಸದ ಬಸ್ ಯಾವ ಕಂಪನಿಯದು, ಗ್ಯಾಸಾ ಡೀಸೆಲ್ಲಾ ಎಂದು ಕೇಳಿ, ಉತ್ತರ ಇಮೇಲ್‌ನಲ್ಲಿ ತರಿಸಿಕೊಳ್ಳಿ ಮೇಡಂ.

ಖೋನ್ ಕೇನ್‌ನಲ್ಲಿ ಇದ್ದವನು:
ಅದೇ ಇಮೇಲ್‌ನಲ್ಲಿ ರೀ-ಎಂಟ್ರಿ ಪರ್ಮಿಟ್ ಖರ್ಚು ಯಾರದ್ದು ಅಂತಾನೂ ಕೇಳಿ. 3,800ರದ್ದು.