ಮಾದಕವಸ್ತು ಮಾರಿದವನಿಂದ ಚಿಕಿತ್ಸೆಯ ವೆಚ್ಚವನ್ನು ವಸೂಲಿ ಮಾಡಬಹುದೇ?

ಪ್ರಶ್ನೆ: ವ್ಯಸನಕ್ಕೆ ಬಿದ್ದ ಮಗನ ಚಿಕಿತ್ಸೆಗಾಗಿ ತಂದೆತಾಯಿ ಮನೆಯನ್ನೇ ಅಡವಿಡುತ್ತಾರೆ, ಮಾರಿದವನು ಜೈಲಿಗೆ ಹೋದರೂ ಅವರಿಗೆ ಬಿಡಿಗಾಸೂ ಸಿಗುವುದಿಲ್ಲ. ಅವನಿಂದಲೇ ಪರಿಹಾರ ಕೊಡಿಸುವ ಕಾನೂನು ಎಲ್ಲಿಯಾದರೂ ಇದೆಯೇ?

ಉತ್ತರ 1: ಇದೆ. ಅಮೆರಿಕದ ಕ್ಯಾಲಿಫೋರ್ನಿಯಾ, ಮಿಷಿಗನ್ ಮೊದಲಾದ ರಾಜ್ಯಗಳು 1990ರ ದಶಕದಲ್ಲಿ ಇಂಥ ಕಾಯ್ದೆ ತಂದವು. ವ್ಯಸನಿಯ ತಂದೆತಾಯಿ, ಮಕ್ಕಳು, ಉದ್ಯೋಗದಾತರು, ಚಿಕಿತ್ಸೆಗೆ ಹಣ ತೆತ್ತ ಸಂಸ್ಥೆಗಳು ಮಾರಾಟಗಾರನ ಮೇಲೆ ದಾವೆ ಹೂಡಬಹುದು. ಇವನೇ ನೇರವಾಗಿ ಮಾರಿದನೆಂದು ಪ್ರತಿಯೊಂದು ಸಂದರ್ಭದಲ್ಲೂ ಸಾಬೀತುಪಡಿಸಬೇಕಿಲ್ಲ. ಅದೇ ಪ್ರದೇಶದಲ್ಲಿ, ಅದೇ ಅವಧಿಯಲ್ಲಿ, ಅದೇ ಬಗೆಯ ಮಾದಕವಸ್ತುವಿನ ಮಾರಾಟದಲ್ಲಿ ಅವನು ಭಾಗಿಯಾಗಿದ್ದನೆಂದು ತೋರಿಸಿದರೂ ಹೊಣೆ ಬೀಳಬಹುದು. ರಸೀದಿಯೇ ಇಲ್ಲದ ವ್ಯವಹಾರದಲ್ಲಿ ಇದು ನ್ಯಾಯವೆಂದೇ ನನ್ನ ಭಾವನೆ.

ಉತ್ತರ 2: ವ್ಯಸನಿಯೂ ದಾವೆ ಹೂಡಬಹುದು, ಆದರೆ ಕ್ಯಾಲಿಫೋರ್ನಿಯಾದಲ್ಲಿ ಅವನು ದಾವೆಗೆ 6 ತಿಂಗಳು ಮುಂಚಿತವಾಗಿ ಮಾರಾಟಗಾರರ ಮಾಹಿತಿಯನ್ನು ಪೊಲೀಸರಿಗೆ ಕೊಟ್ಟಿರಬೇಕು, ದಾವೆಗೆ ಮುಂಚಿನ 30 ದಿನ ಮಾದಕವಸ್ತು ಮುಟ್ಟಿರಬಾರದು. ಪ್ರಾಣಭಯದಲ್ಲಿ ಬದುಕುವವನಿಗೆ ಮೊದಲ ಷರತ್ತು ಬಹಳ ಕಠಿಣ.

ಉತ್ತರ 3: ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಗೆ 1989ರಲ್ಲಿ ಆಸ್ತಿ ಮುಟ್ಟುಗೋಲಿನ ಅಧ್ಯಾಯ ಸೇರಿತು. ಮುಟ್ಟುಗೋಲಾದ ಆಸ್ತಿಯ ಮಾರಾಟದಿಂದ ಬಂದ ಹಣ ಮಾದಕವಸ್ತು ದುರ್ಬಳಕೆ ನಿಯಂತ್ರಣದ ರಾಷ್ಟ್ರೀಯ ನಿಧಿಗೆ ಹೋಗುತ್ತದೆ. ಅದನ್ನು ವ್ಯಸನಿಗಳ ಚಿಕಿತ್ಸೆ, ಪುನರ್ವಸತಿಗೆ ಬಳಸಬಹುದಾದರೂ, ನೊಂದ ಕುಟುಂಬಕ್ಕೆ ಅದರಲ್ಲಿ ನೇರ ಹಕ್ಕಿಲ್ಲ. ಆ ಹಕ್ಕನ್ನು ಕಾಯ್ದೆಯಲ್ಲೇ ಸೇರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.