ಇಂಗ್ಲಿಷಿನ ‘ಪಕ್ಕ’ ಮತ್ತು ನಮ್ಮ ‘ಪಕ್ಕಾ’: ಎರಡೂ ಒಂದೇನಾ?

ಬ್ರಿಟಿಷರ ಇಂಗ್ಲಿಷಿನಲ್ಲಿ ‘ಪಕ್ಕ’ (pukka) ಎಂಬ ಗುಣವಾಚಕ ಬಂದಾಗ ಅನುವಾದದಲ್ಲಿ ಸುಮ್ನೆ ‘ಪಕ್ಕಾ’ ಎಂದು ಇಡುವುದು ರೂಢಿ. ಮೂಲ ಒಂದೇ, ನಿಜ. ಆದರೆ ಅರ್ಥ ಎಲ್ಲ ಕಡೆ ಕೂಡಿಬರುವುದಿಲ್ಲ.

ಕಂಪನಿ ಕಾಲದ ಇಂಗ್ಲಿಷರು ಇದನ್ನು ಹಿಂದಿಯಿಂದ ಎತ್ತಿಕೊಂಡರು. ನಮ್ಮ ಹ್ರಸ್ವ ಅಕಾರಕ್ಕೆ ಅವರು ‘ಯು’ ಅಕ್ಷರ ಬರೆಯುತ್ತಿದ್ದರು, ಪಂಜಾಬ್ ಹೆಸರಿನಲ್ಲಿ ಇರುವ ಹಾಗೆ. ಅದಕ್ಕೇ ಕೆಲವರು ಇದನ್ನು ‘ಪುಕ್ಕ’ ಎಂದು ಓದಿಬಿಡುತ್ತಾರೆ.

ಹಿಂದಿಯ ಪಕ್ಕಾ ಬಂದದ್ದು ಸಂಸ್ಕೃತದ ‘ಪಕ್ವ’ದಿಂದ: ಬೆಂದದ್ದು, ಮಾಗಿದ್ದು. ಬೆಂದ ಇಟ್ಟಿಗೆಯ ಮನೆ ಪಕ್ಕಾ ಮನೆ, ಹಸಿ ಮಣ್ಣಿನದು ಕಚ್ಚಾ ಮನೆ. ಬೆಂದದ್ದು ಗಟ್ಟಿ, ಗಟ್ಟಿಯಾದದ್ದು ನಂಬಬಹುದಾದದ್ದು, ನಂಬಬಹುದಾದದ್ದು ಅಸಲಿ. ಅರ್ಥ ಹೀಗೆ ಬೆಳೆಯಿತು. ಭಾಷಾಶಾಸ್ತ್ರಜ್ಞರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ಸಂಸ್ಕೃತದ ‘ಪಚ್’ ಧಾತುವಿಗೂ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದ ‘ಕುಕ್’ ಪದಕ್ಕೂ ಬೇರು ಒಂದೇ. ಸಿಹಿಗುಂಬಳಕ್ಕೆ ಹೇಳುವ ‘ಪಂಪ್‌ಕಿನ್’ ಕೂಡ ಗ್ರೀಕ್ ಮೂಲಕ ಅದೇ ಕುಲದ್ದು! ನಮ್ಮಲ್ಲಂತೂ ಪಕ್ವ, ಪಾಕ, ಪಕ್ಕಾ ಮೂರೂ ಜೊತೆಗೇ ಇವೆ. ಅವು ಬಂಧುಗಳೆಂದು ನೆನಪಾಗುವುದೇ ಕಡಿಮೆ.

ಇನ್ನು ಬಳಕೆ. ಬ್ರಿಟನ್ನಿನಲ್ಲಿ ಇದು ಮೆಚ್ಚುಗೆಯ ಮಾತು: ಅಪ್ಪಟ, ಮೇಲ್ದರ್ಜೆಯ, ಬಹಳ ಚೆನ್ನಾದ. ವಸಾಹತು ಕಾಲದ ‘ಪಕ್ಕ ಸಾಹಿಬ್’ ಎಂದರೆ ತನ್ನ ವರ್ಗದ ನಡೆನುಡಿಯನ್ನು ಚಾಚೂ ತಪ್ಪದೆ ಪಾಲಿಸುವ ದೊರೆ. ಟೀವಿಯ ಅಡುಗೆಯವರಾದ ಜೇಮಿ ಆಲಿವರ್ 1999ರ ನಂತರ ರುಚಿಯಾದ ತಿನಿಸಿಗೆಲ್ಲ ಈ ಮಾತು ಬಳಸಿ ಜಾಸ್ತಿ ಜನಪ್ರಿಯ ಮಾಡಿದರು. ಕನ್ನಡದಲ್ಲಿ ಹೊಗಳಿಕೆಯೇ ಆಗಬೇಕೆಂದಿಲ್ಲ. ‘ಪಕ್ಕಾ ಕಳ್ಳ’ ಎನ್ನುತ್ತೇವೆ. ‘ಪಕ್ಕಾ ಲೆಕ್ಕ’ ಎನ್ನುತ್ತೇವೆ. ‘ನಾಳೆ ಪಕ್ಕಾ ಬರ್ತೀನಿ’ ಎನ್ನುವಾಗ ಅದು ಖಂಡಿತ ಎಂಬ ಅರ್ಥದ ಕ್ರಿಯಾವಿಶೇಷಣ. ಬ್ರಿಟಿಷರ ‘ಪಕ್ಕ’ಕ್ಕೆ ಈ ಕೆಲಸವಿಲ್ಲ.

ಹಾಗಾಗಿ ನನ್ನ ಸಲಹೆ: ಸರ್ಕಾರಿ ವಸತಿ ಯೋಜನೆಯ ಕಾಗದಗಳಲ್ಲಿ ‘ಪಕ್ಕಾ ಮನೆ’ ಹಾಗೇ ಇರಲಿ, ಅದು ಸರಿಯಾಗಿಯೇ ಇದೆ. ಬ್ರಿಟಿಷ್ ಬರಹದಲ್ಲಿ ‘ಅಪ್ಪಟ’ ಹಾಕಿ. ಊಟದ ಮಾತಾದರೆ ‘ಭರ್ಜರಿ’ ಚೆನ್ನಾಗಿ ಕೂರುತ್ತದೆ. ‘ಪಕ್ಕ ಸಾಹಿಬ್’ಗೆ ಮಾತ್ರ ಒಪ್ಪುವ ಪದ ಸಿಕ್ಕಿಲ್ಲ. ‘ಅಪ್ಪಟ ದೊರೆ’ ಎಂದರೆ ಆ ಬಿಗುಮಾನ ಬರುವುದಿಲ್ಲ ಅಲ್ವಾ? ನಿಮ್ಮ ಕಡೆಯ ಮಾತಿನಲ್ಲಿ ಏನಾದರೂ ಇದ್ದರೆ ತಿಳಿಸಿ.