ಇಂಗ್ಲೆಂಡಿನಲ್ಲಿ ಓದುತ್ತಾ ಮಗುವಿನ ನರ್ಸರಿ ಫೀಸು ಕಟ್ಟಿದವರು ಹೇಳಿ, ನಿಮಗೆ ಏನು ಸಹಾಯ ಸಿಕ್ಕಿತು?

ಲೀಡ್ಸ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಲೀಡ್ಸ್‌ನಲ್ಲಿ ಪಿಎಚ್‌ಡಿ ಮೊದಲ ವರ್ಷ. ಸ್ಟೂಡೆಂಟ್ ವೀಸಾ. ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಗಂಡ ಡಿಪೆಂಡೆಂಟ್ ವೀಸಾದಲ್ಲಿ ಬಂದಿದ್ದಾರೆ, ಕೆಲಸ ಹುಡುಕುತ್ತಿದ್ದಾರೆ. ಮಗಳಿಗೆ ಜನವರಿಯಲ್ಲಿ ಎರಡು ವರ್ಷ ತುಂಬುತ್ತದೆ. ಹತ್ತಿರದ ನರ್ಸರಿಯಲ್ಲಿ ದಿನಕ್ಕೆ 68 ಪೌಂಡ್ ಅಂದರು. ವಾರಕ್ಕೆ ಮೂರು ದಿನ ಕಳಿಸಿದರೂ ತಿಂಗಳಿಗೆ 884 ಆಗುತ್ತದೆ. ಓದುವ ತಂದೆತಾಯಿಗೆ ಸಿಗುವ ಸಹಾಯದಲ್ಲಿ ನಮಗೆ ಏನಾದರೂ ಬರುತ್ತದಾ? ನೀವೆಲ್ಲ ಹೇಗೆ ನಿಭಾಯಿಸಿದಿರಿ, ದಯವಿಟ್ಟು ತಿಳಿಸಿ.

ಲೆಸ್ಟರ್ ಸ್ಟೂಡೆಂಟ್ ನರ್ಸ್

ನಾನು ನರ್ಸಿಂಗ್ ಎರಡನೇ ವರ್ಷ. ಇಬ್ಬರು ಮಕ್ಕಳು, ಚಿಕ್ಕವನಿಗೆ ಒಂದೂವರೆ, ದೊಡ್ಡವಳಿಗೆ ಏಳು. ನಮಗೆ ಐಎಲ್ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ) ಇದೆ, ಹಾಗಾಗಿ ಚೈಲ್ಡ್‌ಕೇರ್ ಗ್ರಾಂಟ್ (ಓದುವವರ ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಸರ್ಕಾರದ ನೆರವು) ಸಿಗುತ್ತಿದೆ. ಫೀಸಿನ 85% ಕೊಡುತ್ತಾರೆ ಅಂತ ಕೇಳಿದ ಕೂಡಲೇ ಜನ ಹೊಟ್ಟೆ ಉರಿದುಕೊಳ್ಳುತ್ತಾರೆ. ಪೂರ್ತಿ ಲೆಕ್ಕ ಕೇಳಿ ಆಮೇಲೆ ಮಾತಾಡಲಿ.

2025–26ಕ್ಕೆ ಮಿತಿ ಹೀಗಿದೆ. ಒಂದು ಮಗುವಿಗೆ ವಾರಕ್ಕೆ ಹೆಚ್ಚೆಂದರೆ 199.62, ಇಬ್ಬರು ಅಥವಾ ಜಾಸ್ತಿ ಇದ್ದರೆ 342.24. ನಮ್ಮ ಚಿಕ್ಕವನ ನರ್ಸರಿ ವಾರಕ್ಕೆ 310, ದೊಡ್ಡವಳ ಆಫ್ಟರ್ ಸ್ಕೂಲ್ ಕ್ಲಬ್ 75. ಒಟ್ಟು 385. ಅದರ 85% ಅಂದರೆ 327.25. ಉಳಿದ 57.75 ಪ್ರತಿ ವಾರ ನಮ್ಮ ಜೇಬಿನಿಂದ. ಅದೂ ಮನೆಯ ಆದಾಯ ಕಡಿಮೆ ಇರುವುದರಿಂದ ಪೂರ್ತಿ ಸಿಕ್ಕಿದೆ. ಯಜಮಾನರು ಗೋದಾಮಿನಲ್ಲಿ ವಾರಕ್ಕೆ ಮೂರು ರಾತ್ರಿ ಕೆಲಸ ಮಾಡುತ್ತಾರೆ. ಆದಾಯ ಏರಿದ ಹಾಗೆ ಗ್ರಾಂಟ್ ಇಳಿಯುತ್ತದೆ.

ಹಣ ನಮ್ಮ ಕೈಗೆ ಬರುವುದಿಲ್ಲ, ಸೀದಾ ನರ್ಸರಿಗೆ ಹೋಗುತ್ತದೆ. ನರ್ಸರಿಯವರು ಬಿಲ್ ಹಾಕಬೇಕು, ನಾವು ಒಪ್ಪಬೇಕು. ನಮ್ಮ ಮೊದಲ ನರ್ಸರಿಯವರು ಈ ವ್ಯವಸ್ಥೆಗೆ ಹೆಸರು ನೋಂದಾಯಿಸಲು ತಯಾರಿರಲಿಲ್ಲ. ಕಟ್ಟಿದ್ದ 250 ಪೌಂಡ್ ಡೆಪಾಸಿಟ್ ವಾಪಸ್ ಕೊಡಲಿಲ್ಲ. ಎರಡನೆಯವರು ನೋಂದಾಯಿಸಿದ್ದರು, ಆದರೆ ಮಗುವಿಗೆ ಚಿಕನ್ ಪಾಕ್ಸ್ ಬಂದು ಮನೆಯಲ್ಲಿದ್ದ ದಿನಗಳಿಗೂ ಪೂರ್ತಿ ಫೀಸು. ಬ್ಯಾಂಕ್ ಹಾಲಿಡೇಗೂ ಫೀಸು.

ಎಲ್ಲಕ್ಕಿಂತ ಕಷ್ಟ ಪ್ಲೇಸ್‌ಮೆಂಟ್, ಅಂದರೆ ಆಸ್ಪತ್ರೆ ತರಬೇತಿ. ನರ್ಸ್ ಆಗಿ ರಿಜಿಸ್ಟರ್ ಆಗಬೇಕಾದರೆ 2,300 ಗಂಟೆ ಪ್ರಾಕ್ಟೀಸ್ ಮುಗಿಸಬೇಕು. ಲಾಂಗ್ ಡೇ ಅಂದರೆ ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟು. ನರ್ಸರಿ ತೆರೆಯುವುದೇ ಏಳೂವರೆಗೆ, ಸಂಜೆ ಆರಕ್ಕೆ ಬಾಗಿಲು. ತಡವಾದರೆ ಪ್ರತಿ 15 ನಿಮಿಷಕ್ಕೆ 10 ಪೌಂಡ್. ಯಜಮಾನರ ರಾತ್ರಿ ಪಾಳಿಯೂ ಅದೇ ದಿನ ಬಿದ್ದರೆ ಚೈಲ್ಡ್‌ಮೈಂಡರ್‌ಗೆ (ತಮ್ಮ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಗಂಟೆಗೆ 6.50 ಬೇರೆ. ಅವರೂ ನರ್ಸರಿ, ಶಾಲೆ ತಪಾಸಣೆ ಮಾಡುವ ಆಫ್‌ಸ್ಟೆಡ್‌ನಲ್ಲಿ ನೋಂದಾಯಿತರಾಗಿದ್ದರೆ ಮಾತ್ರ ಗ್ರಾಂಟ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.

ಎನ್ಎಚ್ಎಸ್ (ಸರ್ಕಾರಿ ಆರೋಗ್ಯ ಸೇವೆ) ಲರ್ನಿಂಗ್ ಸಪೋರ್ಟ್ ಫಂಡ್‌ನಿಂದ ವರ್ಷಕ್ಕೆ 5,000, ಮಕ್ಕಳಿರುವುದಕ್ಕೆ ಇನ್ನೂ 2,000 ಬರುತ್ತದೆ. ಅದು ವಾಪಸ್ ಕೊಡಬೇಕಾದ ಸಾಲ ಅಲ್ಲ. ಆ 2,000 ಇಲ್ಲದಿದ್ದರೆ ನಾನು ಮೊದಲ ವರ್ಷವೇ ಬಿಟ್ಟುಬಿಡುತ್ತಿದ್ದೆ.

ಕಾರ್ಡಿಫ್ ಅಪ್ಪ

ಇಂಗ್ಲೆಂಡಿನವರು ಯಾಕೆ ಇಷ್ಟು ಒದ್ದಾಡುತ್ತೀರಿ ಅಂತ ಬೇಸರವಾಗುತ್ತದೆ. ವೇಲ್ಸ್‌ನಲ್ಲಿ ದುಡಿಯುವವರ ಮೂರು–ನಾಲ್ಕು ವರ್ಷದ ಮಕ್ಕಳಿಗೆ ವಾರಕ್ಕೆ 30 ಗಂಟೆ ಉಚಿತ, ವರ್ಷಕ್ಕೆ 48 ವಾರ. ಇಲ್ಲಿ ಓದುವುದನ್ನೂ ಕೆಲಸದ ಹಾಗೇ ಪರಿಗಣಿಸುತ್ತಾರೆ. ಕೋರ್ಸ್ ಕನಿಷ್ಠ ಹತ್ತು ವಾರದ್ದಾಗಿರಬೇಕು, ಅಷ್ಟೇ. ಇದು ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ.

ನನ್ನ ದೊಡ್ಡ ಮಗನ ಸಮಯಕ್ಕೆ ಅದು ಇರಲಿಲ್ಲ. ಆಗ ನಾನು ಡಿಗ್ರಿ ಮಾಡುತ್ತಿದ್ದೆ, ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ದುಡಿಯುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೊಡಲಿಲ್ಲ. ಬೆಳಿಗ್ಗೆ ಲೆಕ್ಚರ್, ಮಧ್ಯಾಹ್ನ ಮಗು, ರಾತ್ರಿ ಹನ್ನೊಂದರ ಮೇಲೆ ಅಸೈನ್‌ಮೆಂಟ್. ಎರಡು ವರ್ಷ ಹಾಗೇ ತಳ್ಳಿದೆ. ಚಿಕ್ಕವಳಿಗೆ ಈಗ ಸಿಗುತ್ತಿದೆ. ಎರಡೂ ನೋಡಿದವನಾಗಿ ಹೇಳುತ್ತೇನೆ, ಓದು ಕೆಲಸ ಅಲ್ಲ ಅನ್ನುವ ಇಂಗ್ಲೆಂಡಿನ ನಿಯಮವೇ ತಪ್ಪು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ 1,140 ಗಂಟೆ ಕೊಡುತ್ತಾರೆ, ತಂದೆತಾಯಿ ದುಡಿಯುತ್ತಾರಾ ಅಂತ ಕೇಳುವುದೇ ಇಲ್ಲ.

ಲೆಸ್ಟರ್ ಸ್ಟೂಡೆಂಟ್ ನರ್ಸ್

ಕಾರ್ಡಿಫ್ ಸರ್, ನಿಮ್ಮಲ್ಲಿ ಸಿಗುತ್ತದೆ, ಸಂತೋಷ. ಲೀಡ್ಸ್‌ನಲ್ಲಿರುವವರು ಕಾರ್ಡಿಫ್‌ಗೆ ಮನೆ ಬದಲಾಯಿಸಬೇಕಾ?

ಮ್ಯಾಂಚೆಸ್ಟರ್, ಪಿಎಚ್‌ಡಿ ಮುಗಿಸಿದವಳು

ಮೊದಲು ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಚೈಲ್ಡ್‌ಕೇರ್ ಗ್ರಾಂಟ್ ಅಂಡರ್‌ಗ್ರಾಜುಯೇಟ್ ಓದುವವರಿಗೆ, ಜೊತೆಗೆ ಪಿಜಿಸಿಇ (ಶಿಕ್ಷಕರ ತರಬೇತಿ) ಮಾಡುವವರಿಗೆ. ಪಿಎಚ್‌ಡಿಗೆ ಇಲ್ಲ. ಸ್ಟೂಡೆಂಟ್ ವೀಸಾದವರಿಗಂತೂ ಯಾವ ಕೋರ್ಸ್ ಆದರೂ ಇಲ್ಲ. ನಮ್ಮ ವೀಸಾದ ಮೇಲೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಸರ್ಕಾರಿ ನೆರವು ಕೇಳುವ ಹಾಗಿಲ್ಲ ಅಂತ ಬರೆದಿರುತ್ತದಲ್ವಾ.

ನಾನು 2019ರಲ್ಲಿ ಬಂದೆ. ಆ ವರ್ಷ ಸ್ಟೈಪೆಂಡ್ 15,009. ತಿಂಗಳಿಗೆ 1,250. ಮಗಳಿಗೆ ಹದಿನಾಲ್ಕು ತಿಂಗಳು, ಗಂಡ ಬೆಂಗಳೂರಿನಲ್ಲಿ. ನರ್ಸರಿ ದಿನಕ್ಕೆ 53, ಐದು ದಿನಕ್ಕೆ 265, ತಿಂಗಳಿಗೆ 1,148. ಕೈಯಲ್ಲಿ ಉಳಿಯುತ್ತಿದ್ದದ್ದು 102 ಪೌಂಡ್. ರೂಮಿನ ಬಾಡಿಗೆ 520. ತಂದಿದ್ದ ಉಳಿತಾಯ ಚಳಿಗಾಲ ಮುಗಿಯುವಷ್ಟರಲ್ಲಿ ಖಾಲಿ. ಯೂನಿವರ್ಸಿಟಿಯ ಹಾರ್ಡ್‌ಶಿಪ್ ಫಂಡ್‌ಗೆ ಅರ್ಜಿ ಹಾಕಿದೆ. ‘ಬರುವ ಮೊದಲೇ ಈ ಖರ್ಚು ನಿಮಗೆ ಗೊತ್ತಿತ್ತು, ಇದು ಅನಿರೀಕ್ಷಿತ ಕಷ್ಟ ಅಲ್ಲ’ ಅಂತ ಉತ್ತರ ಬಂತು. ಆ ಸಾಲು ಇವತ್ತಿಗೂ ನೆನಪಿದೆ.

ಕೊನೆಗೆ ಮಗಳನ್ನು ಶಿವಮೊಗ್ಗಕ್ಕೆ ಅಮ್ಮನ ಹತ್ತಿರ ಕಳಿಸಿದೆ. ಅವಳು ಮಾತು ಕಲಿತದ್ದು ಅಲ್ಲಿ, ಶಾಲೆಗೆ ಸೇರಿದ್ದೂ ಅಲ್ಲಿ. ನಾನು ಥೀಸಿಸ್ ಮುಗಿಸಿದೆ, ಈಗ ಕೆಲಸದಲ್ಲಿದ್ದೇನೆ, ಮಗಳು ನನ್ನ ಜೊತೆ ಇದ್ದಾಳೆ. ಅವಳನ್ನು ಕಳಿಸಿದ್ದರಿಂದಲೇ ಇದೆಲ್ಲ ಆಯಿತು. ಕಳಿಸುವುದು ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ.

ಬ್ರಿಸ್ಟಲ್ ಟ್ಯಾಕ್ಸ್ ಕಟ್ಟುವವನು

ಹದಿನಾಲ್ಕು ತಿಂಗಳ ಮಗುವನ್ನು ಬಿಟ್ಟು ಓದುವ ಅಗತ್ಯ ಏನಿತ್ತು ಅಂತ ನನಗೆ ಅರ್ಥವಾಗುವುದಿಲ್ಲ. ನನಗೂ ಪಿಎಚ್‌ಡಿ ಆಫರ್ ಇತ್ತು. ಮಗ ಹುಟ್ಟಿದ, ಬಿಟ್ಟುಬಿಟ್ಟೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಕೆಲಸಕ್ಕೆ ಸೇರಿದೆ. ಮಗು ನಮ್ಮ ಕಣ್ಣೆದುರೇ ಬೆಳೆಯಿತು.

ಅದಕ್ಕೆ ಸಿಕ್ಕಿದ್ದೇನು ಗೊತ್ತಾ? ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ, ಇಬ್ಬರೂ ಟ್ಯಾಕ್ಸ್ ಕಟ್ಟುತ್ತೇವೆ. ವೀಸಾ ಜೊತೆ ಕಟ್ಟುವ ಹೆಲ್ತ್ ಸರ್ಚಾರ್ಜ್ ವರ್ಷಕ್ಕೆ ತಲಾ 1,035, ಮಗನದ್ದು 776. ಮೂರು ವರ್ಷದ್ದು ಒಟ್ಟಿಗೇ ಕಟ್ಟಿದ್ದು 8,538. 2025ರ ಸೆಪ್ಟೆಂಬರ್‌ನಿಂದ ದುಡಿಯುವವರಿಗೆ ಒಂಬತ್ತು ತಿಂಗಳ ಮಗುವಿನಿಂದಲೇ 30 ಗಂಟೆ ಉಚಿತ ಅಂತ ಎಲ್ಲೆಡೆ ಹೇಳುತ್ತಿದ್ದಾರೆ. ನಮಗೆ ಇಲ್ಲ. ಇಬ್ಬರ ವೀಸಾದ ಮೇಲೂ ಅದೇ ಸಾಲು. ನರ್ಸರಿಗೆ ತಿಂಗಳಿಗೆ 1,390 ಕಟ್ಟುತ್ತೇವೆ. ಇಲ್ಲಿ ನೋಡಿದರೆ 85% ಸಾಲುವುದಿಲ್ಲ ಅಂತ ಅಳು.

ಮ್ಯಾಂಚೆಸ್ಟರ್, ಪಿಎಚ್‌ಡಿ ಮುಗಿಸಿದವಳು

ಬ್ರಿಸ್ಟಲ್ ಅವರೇ, ನೀವು ಆಫರ್ ಬಿಟ್ಟಿದ್ದು ನಿಮ್ಮ ಇಷ್ಟ. ಗಂಡಸರು ಆರು ತಿಂಗಳ ಮಗು ಬಿಟ್ಟು ಗಲ್ಫಿಗೆ ಹೋದರೆ ‘ಮನೆಗಾಗಿ ದುಡಿಯುತ್ತಾನೆ’ ಅನ್ನುತ್ತೀರಿ. ಹೆಂಗಸು ಮೂರು ವರ್ಷ ಓದಲು ಬಿಟ್ಟರೆ ‘ಅಗತ್ಯ ಏನಿತ್ತು’. ನನ್ನ ಮಗಳು ಅಜ್ಜಿಯ ಹತ್ತಿರ ಇದ್ದಳು, ಬೀದಿಯಲ್ಲಿ ಅಲ್ಲ. ಇದರ ಬಗ್ಗೆ ನಿಮ್ಮ ಹತ್ತಿರ ಇನ್ನೊಂದು ಮಾತು ಆಡುವುದಿಲ್ಲ.

ರೆಡಿಂಗ್ ಅಳಿಯ

ಯಾರೂ ಅತ್ತೆ, ಅಮ್ಮನನ್ನು ಕರೆಸಿಕೊಳ್ಳುವ ವಿಷಯ ಹೇಳಲಿಲ್ಲವಲ್ಲ. ಹೆಂಡತಿಯದು ಪಿಎಚ್‌ಡಿ, ನಾನು ಡಿಪೆಂಡೆಂಟ್, ಪೂರ್ತಿ ಕೆಲಸ. ಅತ್ತೆ ವಿಸಿಟರ್ ವೀಸಾದಲ್ಲಿ ಆರು ತಿಂಗಳು ಬಂದಿದ್ದರು. ವೀಸಾ ಫೀಸು 127 ಪೌಂಡ್. ಹೋಗಿ ಬರುವ ಟಿಕೆಟ್ 82,000 ರೂಪಾಯಿ. ಬಿಪಿ ಇರುವುದರಿಂದ ಇನ್ಶೂರೆನ್ಸ್ 31,000 ಆಯಿತು. ಇಲ್ಲಿ ಬಂದ ಮೇಲೆ ಹಲ್ಲು ನೋವು, ಪ್ರೈವೇಟ್ ಡೆಂಟಿಸ್ಟ್ 340 ಪೌಂಡ್. ಎಲ್ಲ ಸೇರಿಸಿದರೂ ಎರಡು ತಿಂಗಳ ನರ್ಸರಿ ಫೀಸಿಗಿಂತ ಕಡಿಮೆ.

ಮಗ ಚೆನ್ನಾಗಿ ಕನ್ನಡ ಕಲಿತ. ಆದರೆ ಅತ್ತೆ ಸೊರಗಿಹೋದರು. ನಾಲ್ಕು ಗಂಟೆಗೇ ಕತ್ತಲು, ಮಾತಾಡಲು ಯಾರೂ ಇಲ್ಲ, ಒಬ್ಬರೇ ಹೊರಗೆ ಹೋಗಲು ಭಯ. ಅವರು ಹೊರಟ ಮೇಲೆ ನರ್ಸರಿಗೆ ಹೊಂದಿಕೊಳ್ಳಲು ಮಗ ತುಂಬಾ ಕಷ್ಟಪಟ್ಟ.

ಬ್ರಿಸ್ಟಲ್ ಟ್ಯಾಕ್ಸ್ ಕಟ್ಟುವವನು

ವಿಸಿಟರ್ ವೀಸಾದಲ್ಲಿ ಬಂದು ಮಗು ನೋಡಿಕೊಳ್ಳುವುದು ಕೆಲಸ ಮಾಡಿದ ಹಾಗೆ. ಕಾನೂನುಬಾಹಿರ. ಇಂಥ ಸಲಹೆ ಕೊಡಬೇಡಿ.

ರೆಡಿಂಗ್ ಅಳಿಯ

ತಪ್ಪು. ಮನೆಯವರನ್ನು ನೋಡಲು ಬಂದ ಅಜ್ಜಿ, ಸಂಬಳ ಇಲ್ಲದೆ, ಸ್ವಲ್ಪ ಕಾಲ ಮೊಮ್ಮಗುವನ್ನು ನೋಡಿಕೊಳ್ಳಬಹುದು. ಹೋಮ್ ಆಫೀಸ್ ಮಾರ್ಗಸೂಚಿಯಲ್ಲೇ ಇದೆ. ದುಡ್ಡು ಕೊಟ್ಟು ಆಯಾ ಥರ ಇಟ್ಟುಕೊಳ್ಳುವ ಹಾಗಿಲ್ಲ, ಆರು ತಿಂಗಳಿಗೊಮ್ಮೆ ಹೋಗಿ ಬಂದು ಇಲ್ಲೇ ಇದ್ದುಬಿಡುವ ಹಾಗಿಲ್ಲ. ನಮ್ಮತ್ತೆ ಕಳ್ಳತನದಿಂದ ಬಂದವರ ಹಾಗೆ ಮಾತಾಡಬೇಡಿ.

ಕಾರ್ಡಿಫ್ ಅಪ್ಪ

ಅಳಿಯಂದಿರೇ, ಅತ್ತೆ ಸೊರಗಿಹೋದರು ಅಂತ ನೀವೇ ಹೇಳುತ್ತೀರಿ, ಖರ್ಚು ಕಡಿಮೆ ಅಂತಲೂ ಹೇಳುತ್ತೀರಿ. ಅವರ ಆರು ತಿಂಗಳ ದುಡಿಮೆಗೆ ಬೆಲೆ ಸೊನ್ನೆ ಅಂತ ಹಿಡಿದರೆ ಖರ್ಚು ಕಡಿಮೆ ಬರಲೇಬೇಕಲ್ವಾ?

ರೆಡಿಂಗ್ ಅಳಿಯ

ಅವರೇ ಖುಷಿಯಿಂದ ಬಂದರು ಸರ್. ಮಗಳು ಓದು ಮುಗಿಸಲಿ ಅಂತ ಅವರಿಗೇ ನಮಗಿಂತ ಜಾಸ್ತಿ ಆಸೆ.

ನಾಟಿಂಗ್‌ಹ್ಯಾಮ್ ಮಾಸ್ಟರ್ಸ್

ನಾನು 2023ರ ಸೆಪ್ಟೆಂಬರ್ ಬ್ಯಾಚ್. ಹೆಂಡತಿ, ಮಗಳ ಜೊತೆ ಬಂದೆ. 2024ರ ಜನವರಿಯಿಂದ ಮಾಸ್ಟರ್ಸ್‌ನವರು ಕುಟುಂಬ ಕರೆತರುವುದನ್ನೇ ನಿಲ್ಲಿಸಿದರು. ನನ್ನ ಹಿಂದೆ ಬಂದ ಗೆಳೆಯ ಮಗಳನ್ನು ವಿಡಿಯೋ ಕಾಲ್‌ನಲ್ಲೇ ನೋಡಿ ಕೋರ್ಸ್ ಮುಗಿಸಿದ. ಫೀಸಿನ ಜಗಳ ಆಡುವ ಅವಕಾಶವೂ ಅವನಿಗೆ ಇರಲಿಲ್ಲ.

ಮಗಳಿಗೆ ಮೂರು ತುಂಬಿದ ಮೇಲೆ 15 ಗಂಟೆ ಸಿಕ್ಕಿತು. ಅದು ಎಲ್ಲ ಮಕ್ಕಳಿಗೂ ಇದೆ, ವೀಸಾ ಯಾವುದಾದರೂ ಸರಿ. ಆದರೆ ಅದು ವರ್ಷಕ್ಕೆ 38 ವಾರ ಮಾತ್ರ. ನಮ್ಮ ನರ್ಸರಿಯವರು ವರ್ಷಪೂರ್ತಿ ಹಂಚಿ ವಾರಕ್ಕೆ 11 ಗಂಟೆ ಮಾಡಿದರು. ಅದರ ಮೇಲೆ ಊಟ, ನ್ಯಾಪಿ, ಕ್ರೀಮು ಅಂತ ದಿನಕ್ಕೆ 9 ಪೌಂಡ್. ಊಟ ಮನೆಯಿಂದ ತರುತ್ತೇವೆ ಅಂದರೂ ಮುಖ ಗಂಟು ಹಾಕಿಕೊಂಡರು.

ವಾರಾಂತ್ಯ ಶಿಫ್ಟ್ ಅಮ್ಮ

ಒಂದು ದಾರಿ ಇದೆ. ನಾನು ಬಿಎ ಓದುತ್ತಾ ವಾರಾಂತ್ಯ ಕೇರ್ ಹೋಮ್‌ನಲ್ಲಿ 16 ಗಂಟೆ ಮಾಡುತ್ತೇನೆ. 2025–26ರ ಲೆಕ್ಕದಲ್ಲಿ ವಾರಕ್ಕೆ 195 ಪೌಂಡ್ ದಾಟಿದರೆ ದುಡಿಯುವವರ ಲೆಕ್ಕಕ್ಕೆ ಸೇರಿಸುತ್ತಾರೆ, 30 ಗಂಟೆ ಸಿಗುತ್ತದೆ. ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದಲ್ಲ, ಲೀಡ್ಸ್ ಅಮ್ಮ ಹಾಗೆ ಮಾಡಲಿ. ಭಾನುವಾರ ಅಂತ ಒಂದು ದಿನ ನನಗೆ ಉಳಿದಿಲ್ಲ, ಆದರೆ ಯಾರ ಮುಂದೆಯೂ ಕೈಚಾಚಿಲ್ಲ.

ಮ್ಯಾಂಚೆಸ್ಟರ್, ಪಿಎಚ್‌ಡಿ ಮುಗಿಸಿದವಳು

ಇದನ್ನು ನಂಬಿ ಯಾರೂ ಹೋಗಬೇಡಿ. 30 ಗಂಟೆಗೆ ತಂದೆತಾಯಿಯಲ್ಲಿ ಒಬ್ಬರ ವೀಸಾದ ಮೇಲಾದರೂ ಆ ಸಾಲು ಇರಬಾರದು. ಲೀಡ್ಸ್‌ನವರ ಮನೆಯಲ್ಲಿ ಇಬ್ಬರದೂ ಹಾಗೇ ಇದೆ. ಇನ್ನೊಂದು, ಪಿಎಚ್‌ಡಿ ಸ್ಟೈಪೆಂಡನ್ನು ಸಂಬಳ ಅಂತ ಲೆಕ್ಕ ಹಿಡಿಯುವುದಿಲ್ಲ. ವಾರಕ್ಕೆ ನಲವತ್ತು ಗಂಟೆ ಲ್ಯಾಬ್‌ನಲ್ಲಿ ನಿಂತರೂ ಆ ನಿಯಮದ ಕಣ್ಣಿಗೆ ನಾವು ದುಡಿಯದವರು. ಮತ್ತೆ ಗ್ರಾಂಟ್ ತೆಗೆದುಕೊಳ್ಳುವುದು ಕೈಚಾಚುವುದಲ್ಲ ಮೇಡಂ.

ಲೀಡ್ಸ್‌ನವರೇ, ನಿಮಗೆ ಇರುವುದು ಬೇರೆ ದಾರಿ. ಕಡಿಮೆ ಆದಾಯದವರ ಎರಡು ವರ್ಷದ ಮಗುವಿಗೆ 15 ಗಂಟೆ. 2022ರಿಂದ ಅದನ್ನು ನಮ್ಮಂಥ ವೀಸಾದವರಿಗೂ ಕೊಡುತ್ತಿದ್ದಾರೆ. ನಾನು ಬಂದಾಗ ಇರಲಿಲ್ಲ. ಲಂಡನ್ ಹೊರಗೆ, ಒಂದು ಮಗು ಇದ್ದರೆ, ಟ್ಯಾಕ್ಸ್ ಕಳೆದು ಮನೆಯ ಆದಾಯ 26,500ರ ಒಳಗಿರಬೇಕು, ಉಳಿತಾಯ 16,000 ಮೀರಬಾರದು. ನಿಮ್ಮದು 20,780. ಯಜಮಾನರು ವರ್ಷಕ್ಕೆ 5,720ಕ್ಕಿಂತ ಜಾಸ್ತಿ ಮನೆಗೆ ತಂದರೆ ಮಿತಿ ದಾಟುತ್ತದೆ. ಒಮ್ಮೆ ಮಗುವಿಗೆ ಸಿಕ್ಕ ಮೇಲೆ ಆದಾಯ ಏರಿತು ಅಂತ ಕಿತ್ತುಕೊಳ್ಳುವುದಿಲ್ಲ. ಅರ್ಜಿ ನಿಮ್ಮ ಕೌನ್ಸಿಲ್‌ಗೆ. ಜನವರಿಯಲ್ಲಿ ಎರಡು ತುಂಬಿದರೆ ಶುರುವಾಗುವುದು ಏಪ್ರಿಲ್‌ನಿಂದ, ಅಲ್ಲಿಯವರೆಗೆ ಪೂರ್ತಿ ಫೀಸು. ಈ ಮಕ್ಕಳಿಗೆ ಎಲ್ಲ ನರ್ಸರಿಯಲ್ಲೂ ಸೀಟು ಇರುವುದಿಲ್ಲ, ಈಗಲೇ ಕೇಳಿಡಿ.

ಲೀಡ್ಸ್ ಅಮ್ಮ

ಅಕ್ಕ, ತುಂಬಾ ಧನ್ಯವಾದ. ಇದನ್ನು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾಳೆಯೇ ಕೌನ್ಸಿಲ್‌ಗೆ ಬರೆಯುತ್ತೇನೆ.

ಬ್ರಿಸ್ಟಲ್ ಟ್ಯಾಕ್ಸ್ ಕಟ್ಟುವವನು

ಅಂದರೆ ದುಡಿಯದವರಿಗೆ 15 ಗಂಟೆ, ಇಬ್ಬರೂ ದುಡಿಯುವ ನಮಗೆ ಎರಡು ವರ್ಷಕ್ಕೂ ಇಲ್ಲ, ಒಂಬತ್ತು ತಿಂಗಳಿಗೂ ಇಲ್ಲ. ನನ್ನ ಮಾತು ತಪ್ಪೇ?

ಲೆಸ್ಟರ್ ಸ್ಟೂಡೆಂಟ್ ನರ್ಸ್

ನಿಮಗೆ 30 ಗಂಟೆ ಸಿಗದಿರುವುದು ಅನ್ಯಾಯ. ಅದನ್ನು ನಾನೂ ಒಪ್ಪುತ್ತೇನೆ. ನಿಮ್ಮ ಎಂಪಿಗೆ ಪತ್ರ ಬರೆಯಿರಿ, ನನ್ನ ಸಹಿಯೂ ಇರಲಿ. ಆದರೆ ಮಗು ಕಳಿಸಿದವಳನ್ನು, ಅತ್ತೆ ಕರೆಸಿದವನನ್ನು, ಗ್ರಾಂಟ್ ಪಡೆದವಳನ್ನು ಬೈದರೆ ನಿಮ್ಮ 1,390ರಲ್ಲಿ ಒಂದು ಪೌಂಡೂ ಕಡಿಮೆ ಆಗುವುದಿಲ್ಲ.